ಡೌಟು ಡಬ್ಬಿಗೆ ಬಿದ್ದ ಪ್ರಶ್ನೆ

ನನಗೆ ಮೌಸ್ ಹಿಡಿಯೋದಂದ್ರೆ ಭಯ. ನಗಬೇಡಿ. ಆರನೇ ತರಗತಿಗೆ ವಿಜ್ಞಾನ ಹೇಳಿಕೊಡೋಳು ನಾನು. ಸೀಸೆಯಲ್ಲಿರೋ ಸತ್ತ ಹಾವನ್ನ ಕೈಯಲ್ಲಿ ಎತ್ತಿ ಮಕ್ಕಳಿಗೆ ತೋರಿಸ್ತೀನಿ, ಕಪ್ಪೆ ಹೊಟ್ಟೆ ಸೀಳ್ತೀನಿ, ಜಗಳಕ್ಕೆ ನಿಂತ್ರೆ ಬಸ್ ಕಂಡಕ್ಟರೂ ಹಿಂದೆ ಸರೀತಾನೆ. ಬೇಕಾದ್ರೆ ನನ್ನ ಗಂಡನ್ನ ಕೇಳಿ, ಒಂದು ಗಂಟೆ ಹೇಳ್ತಾರೆ. ಆದ್ರೆ ಪರದೆ ಮೇಲೆ ಆ ಬಾಣದ ಗುರುತು ಓಡಾಡೋಕೆ ಶುರು ಮಾಡಿತು ಅಂದ್ರೆ ಅಂಗೈ ಬೆವರುತ್ತೆ. ಎಲ್ಲಿ ಒತ್ತಿದ್ರೆ ಏನು ಹಾಳಾಗುತ್ತೋ, ಯಾರಿಗೆ ಏನು ಹೋಗುತ್ತೋ ಅನ್ನೋ ದಿಗಿಲು.

ಹಾಗೆ ಆಗಿಯೂ ಇತ್ತು. ನನ್ನ ತರಗತಿಗೆ 'ನಾಳೆ ಪರೀಕ್ಷೆ ಇಲ್ಲ' ಅಂತ ಕಳಿಸೋಕೆ ಹೋಗಿ ಇಡೀ ಶಾಲೆಗೆ ಕಳಿಸಿಬಿಟ್ಟಿದ್ದೆ. ಮಾರನೇ ದಿನ ದೊಡ್ಡ ಕ್ಲಾಸಿನ ಹುಡುಗರು ಒಬ್ಬರೂ ಓದಿಕೊಂಡು ಬಂದಿರಲಿಲ್ಲ. ನಮ್ಮ ಹೆಡ್‌ಮಿಸ್ಟ್ರೆಸ್, ನಾವೆಲ್ಲ ದೊಡ್ಡ ಮೇಡಂ ಅಂತೀವಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ, 'ಅಮ್ಮಾ ತಾಯೀ, ನೀವು ಒಬ್ಬರೇ ಇದ್ದಾಗ ಏನೂ ಒತ್ತಬೇಡಿ' ಅಂತ ಕೈ ಮುಗಿದಿದ್ರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಒಳಗೆ ಮಾತ್ರ ಮೈಯೆಲ್ಲ ಉರೀತಿತ್ತು.

ಆದ್ರೆ ಬಿಡೋ ಹಾಗಿರಲಿಲ್ಲ. ಈ ವರ್ಷದಿಂದ ಪ್ರತಿ ಟೀಚರಿಗೂ ತರಗತಿಯ ವೆಬ್ ಪೇಜ್ ಇರಲೇಬೇಕು ಅಂತ ಆರ್ಡರ್. ಪಾಠ ಅಲ್ಲೇ ಹಾಕಬೇಕು, ಹೋಂವರ್ಕೂ ಅಲ್ಲೇ. ನನಗೆ ಕಲಿಸೋ ಕರ್ಮ ಸಿಸ್ಟಂ ಸರ್ ತಲೆಗೆ ಬಂತು. ನಮ್ಮ ಕಂಪ್ಯೂಟರ್ ಟೀಚರ್ ಅವರು. ಶಾಲೆಯಲ್ಲಿ ಯಾವ ಕಂಪ್ಯೂಟರ್ ಡಬ್ಬ ಕೆಟ್ಟರೂ 'ಸಿಸ್ಟಂ ಸರ್' ಅಂತಲೇ ಎಲ್ಲರೂ ಕೂಗೋದು. ತಣ್ಣಗಿನ ಮನುಷ್ಯ. ದನಿ ಏರಿಸಿದ್ದನ್ನ ನಾವ್ಯಾರೂ ಕೇಳಿರಲಿಲ್ಲ. ನಾನು ಒಂದೇ ವಿಷಯನ ಹತ್ತು ಸಲ ಕೇಳಿದ್ರೂ 'ಪರವಾಗಿಲ್ಲ ಅಕ್ಕಾ, ಇನ್ನೊಂದ್ಸಲ ನೋಡೋಣ' ಅಂತಿದ್ರು. ಅಕ್ಕಾ ಅಂತ ಕರೆದ್ರೆ ನಾನು ಕರಗಿ ಹೋಗ್ತೀನಿ. ಸ್ವಂತ ತಮ್ಮ ಇದ್ದಿದ್ರೆ ಹೀಗೇ ಇರ್ತಿದ್ದ ಅಂತ ಗಂಡನ ಹತ್ರ ಎಷ್ಟು ಸಲ ಹೇಳಿದೀನೋ.

ಅವರ ಮಗಳು ನನ್ನ ತರಗತಿಯಲ್ಲೇ ಇದ್ದಳು. ಸಣ್ಣ ಜೀವ, ಮಾತು ಕಮ್ಮಿ. ಮಕ್ಕಳು ಗುಬ್ಬಿ ಅಂತ ಕರೀತಿದ್ವು, ಅದೇ ನನ್ನ ಬಾಯಿಗೂ ಬಂದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ತರಗತಿಗೆ ಬಂದು ಕೂತಿರ್ತಿದ್ದಳು, ಸಂಜೆ ಬೋರ್ಡ್ ಒರೆಸಿ, ಕಿಟಕಿ ಹಾಕಿ, 'ಇನ್ನೇನಾದ್ರೂ ಕೆಲಸ ಇದೆಯಾ ಟೀಚರ್' ಅಂತ ನಿಂತಿರ್ತಿದ್ದಳು. ಈ ಮಗುವಿಗೆ ನನ್ನ ಪಾಠ ಅಂದ್ರೆ ಪ್ರಾಣ ಅಂತ ನಾನು ಬೀಗಿದ್ದೇ ಬೀಗಿದ್ದು.

ಇನ್ನು ನನ್ನ ಡಬ್ಬಿ ವಿಷಯ ಹೇಳಬೇಕು. ಕೆಲಸಕ್ಕೆ ಸೇರಿದಾಗಿನಿಂದ ನನ್ನ ಮೇಜಿನ ಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇಟ್ಟಿದ್ದೆ, ಮುಚ್ಚಳದಲ್ಲಿ ಒಂದು ಸೀಳು. ಡೌಟು ಡಬ್ಬಿ. ಎದ್ದು ನಿಂತು ಕೇಳೋಕೆ ನಾಚಿಕೆ ಆಗೋ ಮಕ್ಕಳು ಚೀಟಿ ಬರೆದು ಹಾಕಬಹುದು, ಹೆಸರು ಬರೀಬೇಕಿಲ್ಲ. ಮೀನು ಸೀನುತ್ತಾ? ಹೂಸಿಗೆ ಬಣ್ಣ ಯಾಕಿಲ್ಲ? ಸತ್ತ ಮೇಲೆ ಉಗುರು ಬೆಳೆಯುತ್ತಾ? ಅಂಥವೇ ಜಾಸ್ತಿ. ಅಕ್ಷರ ನೋಡಿದ ಕೂಡಲೇ ಇದು ಯಾವ ಬೃಹಸ್ಪತಿ ಅಂತ ನನಗೆ ಗೊತ್ತಾಗಿಬಿಡೋದು, ಆದ್ರೂ ಗೊತ್ತಿಲ್ಲದ ಹಾಗೆ ಇರ್ತಿದ್ದೆ. ಉತ್ತರ ಯಾವಾಗಲೂ ಇಡೀ ತರಗತಿಗೆ, ಗಟ್ಟಿಯಾಗಿ. ಯಾರೊಬ್ಬರ ಮುಖವನ್ನೂ ನೋಡದೆ. ಮನೆ ಕಷ್ಟದ ಚೀಟಿ ಬಂದ್ರೂ ಅಷ್ಟೇ. ಎಲ್ಲರಿಗೂ ಹೇಳಿದ ಹಾಗೆ ಹೇಳಿ, ಎರಡು ದಿನ ಬಿಟ್ಟು ಆ ಮಗುನ ಬೇರೆ ಏನೋ ನೆಪ ಮಾಡಿ ಹತ್ರ ಕರೀತಿದ್ದೆ.

ಸಿಸ್ಟಂ ಸರ್ ಇದನ್ನ ಕೇಳಿ, 'ಇದನ್ನೇ ಪೇಜಿನಲ್ಲಿ ಮಾಡಿಕೊಡ್ತೀನಿ ಅಕ್ಕಾ' ಅಂದ್ರು. ಮಾಡಿಯೂ ಕೊಟ್ರು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ ಚಿತ್ರ. ಮಕ್ಕಳು ಕಂಪ್ಯೂಟರ್ ಲ್ಯಾಬ್ ಪೀರಿಯಡ್‌ನಲ್ಲಿ ಅಲ್ಲಿ ಬರೆದ್ರೆ ನನಗೆ ಬರುತ್ತೆ, ಹೆಸರು ಕಾಣಲ್ಲ.

'ನಿಮಗೆ?' ಅಂತ ಕೇಳಿದ್ದೆ.

'ನನಗೂ ಕಾಣಲ್ಲ ಅಕ್ಕಾ, ನೀವು ಒಬ್ಬರೇ ಓದೋದು. ಕೆಳಗೆ ಉತ್ತರ ಅಂತ ಇದೆ ನೋಡಿ, ಅಲ್ಲಿ ಬರೆದು ಒತ್ತಿದ್ರೆ ಕೇಳಿದವರಿಗೆ ಮಾತ್ರ ಹೋಗುತ್ತೆ.'

ಕೇಳಿದವರಿಗೆ ಅಂದ್ರೆ ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಕೇಳಿದ ಮಗುವಿನ ಪರದೆಗೆ ಅಂತ ಅಂದುಕೊಂಡೆ. ಹನ್ನೊಂದು ವರ್ಷದ ಮಕ್ಕಳಿಗೆ ಸ್ವಂತ ಫೋನ್ ನಂಬರ್ ಎಲ್ಲಿಂದ ಬರಬೇಕು, ಅವರನ್ನ ಪೇಜಿಗೆ ಸೇರಿಸುವಾಗ ಯಾರ ನಂಬರ್ ಕೊಟ್ಟಿರ್ತಾರೆ, ಈ ಯೋಚನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಅವತ್ತು ಶುಕ್ರವಾರ, ಊಟದ ಬಿಡುವು. ಲ್ಯಾಬಿನಲ್ಲಿ ನಾವಿಬ್ಬರೇ. ನಾನು ಬಾಗಿಲ ಹತ್ರದ ಡಬ್ಬದ ಮುಂದೆ, ಸಿಸ್ಟಂ ಸರ್ ಆ ಕಡೆ ಗೋಡೆ ಹತ್ರ ಊಟದ ಡಬ್ಬಿ ಬಿಚ್ಚಿಕೊಂಡು. ಬೆಳಿಗ್ಗೆ ತಾನೇ ನನ್ನ ಮಕ್ಕಳ ಲ್ಯಾಬ್ ಪೀರಿಯಡ್ ಮುಗಿದಿತ್ತು, ಡೌಟು ಡಬ್ಬಿ ತುಂಬಿತ್ತು. ಇರುವೆಗೆ ನಿದ್ದೆ ಬರುತ್ತಾ? ಮೋಡ ಮುಟ್ಟಿದ್ರೆ ಒದ್ದೆಯಾಗುತ್ತಾ? ನಗ್ತಾ ನಗ್ತಾ ಓದ್ತಿದ್ದೆ. ಆಮೇಲೆ ಇದು ಬಂತು.

'ಟೀಚರ್ ಶನಿವಾರ ಭಾನುವಾರ ಕೂಡ ಸ್ಕೂಲ್ ಇಡೋಕೆ ಆಗಲ್ವಾ? ಅಮ್ಮನಿಗೆ ಆವಾಗಲೂ ಆಸ್ಪತ್ರೆ ಡ್ಯೂಟಿ. ಅಪ್ಪ ವೈರಲ್ಲಿ ಹೊಡೀತಾರೆ. ಕಾಣೋ ಕಡೆ ಹೊಡೆಯಲ್ಲ. ಅಮ್ಮನಿಗೆ ಹೇಳಿದ್ರೆ ಅವಳಿಗೂ ಹೊಡೀತೀನಿ ಅಂತಾರೆ. ನನಗೆ ತುಂಬಾ ಭಯ ಆಗುತ್ತೆ.'

ಇನ್ನೊಂದು ಸಲ ಓದಿದೆ. ಯಾರು ಇದು? ಚೀಟಿ ಆಗಿದ್ರೆ ಅಕ್ಷರ ಹೇಳಿಬಿಡ್ತಿತ್ತು. ಇಲ್ಲಿ ಇರುವೆ ಕೇಳಿದವನ ಅಕ್ಷರವೂ ಇದೇ, ಈ ಮಗುವಿನ ಅಕ್ಷರವೂ ಇದೇ. ಆಸ್ಪತ್ರೆಯಲ್ಲಿ ಕೆಲಸ ಮಾಡೋ ಅಮ್ಮಂದಿರು ನನ್ನ ತರಗತಿಯಲ್ಲಿ ಅರ್ಧದಷ್ಟಿದ್ದಾರೆ, ಆಸ್ಪತ್ರೆ ಇರೋದೇ ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ. ನಾಳೆ ಶನಿವಾರ. ಶಾಲೆ ಬಿಟ್ಟ ಮೇಲೆ ಈ ಮಗು ಯಾವ ಮನೆಗೆ ಹೋಗುತ್ತೋ ಏನೋ.

ತಗಡಿನ ಡಬ್ಬಿ ಆಗಿದ್ರೆ ನಾನು ತಡೆದುಕೊಳ್ತಿದ್ದೆ. ಇಲ್ಲಿ ಕೆಳಗೆ ಆ ಉತ್ತರದ ಬಟನ್ ಇತ್ತು. ಎರಡೇ ಬೆರಳಲ್ಲಿ ಕುಟ್ಟಿದೆ. 'ಪುಟ್ಟಾ ಹೆದರಬೇಡ. ನಿನ್ನ ಅಪ್ಪ ಮಾಡ್ತಿರೋದು ತಪ್ಪು. ಇವತ್ತು ಮನೆಗೆ ಹೋಗೋ ಮೊದಲು ನನ್ನ ಹತ್ರ ಬಾ. ಯಾರಿಗೂ ಹೇಳಬೇಡ. ನಾನಿದೀನಿ.' ಒತ್ತಿದೆ. ಪರದೆ ಮೇಲೆ ಒಂದು ಚಕ್ರ ತಿರುಗಿ ನಿಂತಿತು. ಇನ್ನೇನು ಎಡವಟ್ಟು ಮಾಡಿದೆನೋ ಅನ್ನಿಸಿ ಹಿಂದೆ ತಿರುಗಿ ಕೇಳಿದೆ.

'ಸರ್, ಉತ್ತರ ಹೋಯ್ತಾ ನೋಡಿ ಒಂಚೂರು.'

ಅಷ್ಟರಲ್ಲೇ ಅವರ ಮೇಜಿನ ಮೇಲಿದ್ದ ಫೋನು ಟಿಣ್ ಅಂತು. ಅವರು ಎಡಗೈಯಲ್ಲಿ ಅದನ್ನ ಎತ್ತಿಕೊಂಡ್ರು. ಓದಿದ್ರು. ಬಾಯಲ್ಲಿದ್ದ ತುತ್ತು ಅಗಿಯೋದು ನಿಂತಿತು. ಆಮೇಲೆ ನುಂಗಿ, ನನ್ನ ಕಡೆ ನೋಡಿ, ಯಾವತ್ತಿನ ಅದೇ ತಣ್ಣನೆ ದನಿಯಲ್ಲಿ ಅಂದ್ರು.

'ಬಂತಕ್ಕಾ.'

ಹೋಯ್ತಾ ಅಂತ ಕೇಳಿದ್ರೆ ಬಂತು ಅಂತಾರಲ್ಲ ಅಂತ ಒಂದು ಕ್ಷಣ ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಆ ಫೋನಿಗೆ ಬಂದಿತ್ತು. ನನ್ನ ಉತ್ತರ, ಅದರ ಮೇಲೆ ಮಗುವಿನ ಪ್ರಶ್ನೆ, ಎರಡೂ. ಬರೆದವಳು ಗುಬ್ಬಿ. ಇಲ್ಲಿವರೆಗೆ ಅವರು ಇವರು ಅಂತ ಮರ್ಯಾದೆ ಕೊಟ್ಟು ಹೇಳಿದೆ, ಇನ್ನು ನನ್ನ ಬಾಯಿಗೆ ಅದು ಬರಲ್ಲ.

ಅವನು ಊಟದ ಡಬ್ಬಿ ಮುಚ್ಚಿದ. ಕೈ ತೊಳೆದ. ನಿಧಾನವಾಗಿ ಕರ್ಚೀಫಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಬಂದು ನನ್ನ ಕುರ್ಚಿ ಹಿಂದೆ ನಿಂತ. ನನ್ನ ಭುಜದ ಮೇಲಿಂದ ಕೈ ಚಾಚಿ, ನನ್ನ ಕೈಯನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೌಸ್ ಹಿಡಿದ.

'ಇದನ್ನ ಅಳಿಸೋದು ಹೇಗೆ ಅಂತ ನಿಮಗೆ ತೋರಿಸಿರಲಿಲ್ಲ ಅಲ್ವಾ? ನೋಡಿ. ಇಲ್ಲಿ ಒತ್ತಿ, ಆಮೇಲೆ ಇಲ್ಲಿ. ಅಷ್ಟೇ.'

ಪ್ರಶ್ನೆಯೂ ಹೋಯ್ತು, ಉತ್ತರವೂ ಹೋಯ್ತು. ಆ ಜಾಗಕ್ಕೆ ಇರುವೆಯ ಪ್ರಶ್ನೆ ಮೇಲೇರಿ ಬಂತು.

'ಮಕ್ಕಳು ಏನೇನೋ ಕಥೆ ಕಟ್ತಾರೆ ಅಕ್ಕಾ. ತಲೆಗೆ ಹಚ್ಚಿಕೊಳ್ಳಬೇಡಿ.' ಅವನ ಉಸಿರು ನನ್ನ ಕಿವಿಗೆ ತಾಗ್ತಿತ್ತು. 'ಯಾರಿಗಾದ್ರೂ ಹೇಳಿದ್ರೂ ಏನು ತೋರಿಸ್ತೀರಿ? ನಿಮಗೆ ಕಂಪ್ಯೂಟರ್ ಬರಲ್ಲ ಅಂತ ಇಡೀ ಶಾಲೆಗೆ ಗೊತ್ತು.'

ಅವನು ಮೌಸ್ ಬಿಟ್ಟು ನೆಟ್ಟಗೆ ನಿಂತ.

'ಮಗಳಿಗೆ ಮೈ ಸರಿ ಇಲ್ಲ. ಈಗಲೇ ಮನೆಗೆ ಕರ್ಕೊಂಡು ಹೋಗ್ತೀನಿ. ದೊಡ್ಡ ಮೇಡಂಗೆ ಒಂದು ಮಾತು ಹೇಳಿ ಬರ್ತೀನಿ.' ಅಂತ ಹೇಳಿ ಫೋನಿನಲ್ಲಿ ಬಂದಿದ್ದನ್ನೂ ಅಳಿಸಿ, ಅದನ್ನ ಜೇಬಿಗೆ ಹಾಕಿಕೊಂಡು ಹೊರಟ. ಬಾಗಿಲ ಹತ್ರ ನಿಂತು, 'ಡಬ್ಬ ಆಫ್ ಮಾಡೋಕೆ ಮರೀಬೇಡಿ ಅಕ್ಕಾ' ಅಂದ.

ಅವನ ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಗೋವರೆಗೂ ನಾನು ಕೂತೇ ಇದ್ದೆ. ಹೇಳೋಕೆ ನಾಚಿಕೆ ಆಗುತ್ತೆ, ಸುಮ್ಮನಿದ್ದುಬಿಡೋಣ ಅಂತಲೂ ಒಂದು ಕ್ಷಣ ಅನ್ನಿಸಿತು. ಅಷ್ಟು ಹೆದರಿಕೆ. ಆದ್ರೆ ಅವನಿಗೆ ಈಗ ಗೊತ್ತಾಗಿದೆ, ಗೊತ್ತು ಮಾಡಿಕೊಟ್ಟವಳು ನಾನು. ಈಗ ಆ ಮಗು ಅವನ ಜೊತೆ ಮನೆ ಸೇರಿದ್ರೆ ವೈರಿನ ಏಟಿಗೇ ಮುಗಿಯಲ್ಲ. ಅದು ನೆನಪಾದದ್ದೇ ಎದ್ದೆ. ಅವನು ಹೋದ ಮೆಟ್ಟಿಲು ಬಿಟ್ಟು ಹಿಂದಿನ ಮೆಟ್ಟಿಲಲ್ಲಿ ಓಡಿದೆ. ನನ್ನ ಮಂಡಿ ನೋವು ನನಗೇ ಗೊತ್ತು, ಅವತ್ತು ಅದೆಲ್ಲಿ ಹೋಗಿತ್ತೋ.

ತರಗತಿಯಲ್ಲಿ ಗುಬ್ಬಿ ಒಬ್ಬಳೇ ಕಿಟಕಿ ಪಕ್ಕ ಕೂತು ಡೆಸ್ಕಿನ ಮೇಲಿನ ಶಾಯಿ ಕಲೆ ಉಜ್ಜುತ್ತಿದ್ದಳು. ಉಳಿದ ಮಕ್ಕಳು ಮೈದಾನದಲ್ಲಿ.

'ಏಳು ಪುಟ್ಟಾ. ನನ್ನ ಜೊತೆ ಬಾ.'

ನನ್ನ ಮುಖ ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು. 'ಅಪ್ಪನಿಗೆ ಗೊತ್ತಾಯ್ತಾ ಟೀಚರ್?' ಅಂದಳು.

ಸುಳ್ಳು ಹೇಳೋಕೆ ಆಗಲಿಲ್ಲ. 'ಗೊತ್ತಾಯ್ತು. ನನ್ನಿಂದಲೇ ಗೊತ್ತಾಗಿಬಿಡ್ತು ಕಂದಾ. ಆದ್ರೆ ನಿನ್ನ ಕೈ ಬಿಡಲ್ಲ ನಾನು.'

ಅವಳು ಅಳಲಿಲ್ಲ. ಕೈ ಕೊಟ್ಟಳು. ಆ ಕೈ ತಣ್ಣಗೆ ಕೊರೀತಿತ್ತು. ಆಸ್ಪತ್ರೆಗೆ ಅವಳ ಅಮ್ಮನ ಹತ್ರ ಓಡೋಣ ಅಂದ್ರೆ ಗೇಟು ದೊಡ್ಡ ಮೇಡಂ ರೂಮಿನ ಮುಂದೆಯೇ ಇದೆ, ಅವನು ಅಲ್ಲೇ ಇರ್ತಾನೆ. ಬೇರೆ ದಾರಿ ಇರಲಿಲ್ಲ. ಅವನಿರೋ ಕಡೆಗೇ ನಡೆದ್ವಿ.

ದೊಡ್ಡ ಮೇಡಂ ಮೇಜಿನ ಹಿಂದೆ ಕೂತಿದ್ರು. ಅವನು ಎದುರಿಗೆ ನಿಂತು ಏನೋ ಹೇಳ್ತಿದ್ದ, ನಗು ಮುಖ. ನಮ್ಮನ್ನ ನೋಡಿ, 'ಓ, ಅಕ್ಕನೇ ಕರ್ಕೊಂಡು ಬಂದ್ರು. ಬಾ ಪುಟ್ಟಾ, ಹೋಗೋಣ' ಅಂದ.

'ಮೇಡಂ, ಈ ಮಗುನ ಇವರ ಜೊತೆ ಕಳಿಸಬೇಡಿ' ಅಂದೆ. 'ಇವರು ಇವಳನ್ನ ವೈರಲ್ಲಿ ಹೊಡೀತಾರಂತೆ. ಡೌಟು ಡಬ್ಬಿಯಲ್ಲಿ ಬರೆದಿದ್ದಾಳೆ.'

ದೊಡ್ಡ ಮೇಡಂ ಕನ್ನಡಕ ತೆಗೆದ್ರು. ನನ್ನನ್ನ ನೋಡಿದ್ರು, ಅವನನ್ನ ನೋಡಿದ್ರು. 'ಏನು ಮಾತಾಡ್ತಿದೀರಿ? ಎಲ್ಲಿ, ತೋರಿಸಿ.'

'ಇಲ್ಲ ಮೇಡಂ. ಇವರೇ ಅಳಿಸಿಬಿಟ್ರು.'

ಅವನು ಪಾಪ ಅನ್ನೋ ಹಾಗೆ ತಲೆ ಆಡಿಸಿದ. 'ಅಕ್ಕ ಏನೋ ಒತ್ತಿ ಗಾಬರಿಯಾಗಿದ್ದಾರೆ ಮೇಡಂ. ಬೇರೆ ಯಾವುದೋ ಮೆಸೇಜ್ ನೋಡಿರಬೇಕು. ನಿಮಗೂ ಗೊತ್ತಲ್ಲ.'

ಮೇಡಂಗೂ ಗೊತ್ತಿತ್ತು. ಅವರ ಮುಖದ ಮೇಲೆ ಅದು ಓದೋ ಹಾಗಿತ್ತು. ಒಂದು ಕಡೆ ಶಾಲೆಯನ್ನೇ ಬೆನ್ನ ಮೇಲೆ ಹೊತ್ತಿರೋ ಮರ್ಯಾದಸ್ಥ, ಇನ್ನೊಂದು ಕಡೆ ಒಂದು ಮೌಸ್ ಹಿಡಿಯೋಕೆ ಬರದ ಜಗಳಗಂಟಿ. ನಾನೇ ಆ ಕುರ್ಚಿಯಲ್ಲಿ ಕೂತಿದ್ರೂ ಯಾರನ್ನ ನಂಬ್ತಿದ್ದೆನೋ.

ಆದ್ರೂ ಅವರು ಕೇಳಿದ್ರು, ಅದೊಂದು ಪುಣ್ಯ. 'ಮಗಳೇ, ನೀನು ಹಾಗೆ ಬರೆದಿದ್ಯಾ?'

ಗುಬ್ಬಿ ಅಪ್ಪನ ಕಡೆ ನೋಡಿದಳು. ಅವನು ನಗ್ತಾನೇ ಇದ್ದ.

'ಇಲ್ಲ ಮೇಡಂ' ಅಂದಳು.

ಮುಗೀತು ಅಂದುಕೊಂಡೆ. ಇನ್ನು ಈ ಕೈ ಬಿಡಬೇಕು, ಮಗು ಹೋಗುತ್ತೆ, ಸೋಮವಾರ ಬರುತ್ತೋ ಇಲ್ಲವೋ.

'ಅಪ್ಪ ಏನಾದ್ರೂ ಹೊಡೀತಾರಾ?'

'ಇಲ್ಲ ಮೇಡಂ.'

'ಸರಿ ಹಾಗಾದ್ರೆ. ಅಪ್ಪನ ಜೊತೆ ಹೋಗು.'

'ಹೂಂ' ಅಂದಳು. ಆದ್ರೆ ಹೋಗಲಿಲ್ಲ. ನಾನು ಬೆರಳು ಸಡಿಲ ಬಿಟ್ಟಿದ್ದೆ, ಅವಳು ಬಿಟ್ಟಿರಲಿಲ್ಲ. ಅವಳ ಉಗುರು ನನ್ನ ಅಂಗೈಗೆ ಇಳೀತಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿ, 'ಬಾ ಚಿನ್ನಾ' ಅಂದ. ಆಗ ನನ್ನ ಪಾದದ ಹತ್ರ ಏನೋ ಬೆಚ್ಚಗಾಯ್ತು. ಬಗ್ಗಿ ನೋಡಿದೆ. ಮಗು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ಸಾಕ್ಸ್ ಒದ್ದೆಯಾಗಿ, ಶೂಸಿನ ಸುತ್ತ ನೆಲದ ಮೇಲೆ ಹರೀತಿತ್ತು. ಮುಖದಲ್ಲಿ ಮಾತ್ರ ಏನೂ ಇಲ್ಲ, ಮೇಡಂ ಕಡೆಗೇ ನೋಡಿಕೊಂಡು, 'ಹೋಗ್ತೀನಿ ಮೇಡಂ, ಹೋಗ್ತೀನಿ' ಅಂತ ಒಂದೇ ಸಮ ಹೇಳ್ತಿತ್ತು.

ದೊಡ್ಡ ಮೇಡಂ ಎದ್ದು ನಿಂತು ನೆಲ ನೋಡಿದ್ರು. ಅವನೂ ನೋಡಿದ. ನೋಡಿ, ಹಲ್ಲು ಕಚ್ಚಿ, 'ನಡಿ ಮನೆಗೆ' ಅಂದ. ಎರಡೇ ಪದ. ಆ ದನಿಯನ್ನ ನಾವಿಬ್ಬರೂ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಮೇಡಂ ಕನ್ನಡಕ ಮತ್ತೆ ಹಾಕಿಕೊಂಡ್ರು.

'ಸರ್, ನೀವು ಹೊರಗಿರಿ' ಅಂದ್ರು.

'ಮೇಡಂ, ಇದು ನಮ್ಮ ಮನೆ ವಿಷಯ.'

'ಹೊರಗಿರಿ ಅಂದೆ.'

ಅವನು ಹೋಗಲ್ಲ ಅಂತಲೇ ನಾನು ಅಂದುಕೊಂಡೆ. ಮೂರು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಕೊನೆಗೆ ಮಗಳನ್ನ. ಆಮೇಲೆ ಮತ್ತೆ ಆ ನಗು ಹಾಕಿಕೊಂಡು, 'ಇಲ್ಲೇ ಬಾಗಿಲಲ್ಲೇ ಇರ್ತೀನಿ' ಅಂತ ಹೊರಗೆ ಹೋದ. ದೊಡ್ಡ ಮೇಡಂ ಹಿಂದೆಯೇ ಹೋಗಿ ಬಾಗಿಲು ದೂಡಿ ಚಿಲಕ ಹಾಕಿದ್ರು. ಚಿಲಕ ತುಕ್ಕು ಹಿಡಿದಿತ್ತು, ಎರಡೂ ಕೈಯಲ್ಲಿ ಎಳೆದ್ರು. ಫೋನ್ ಎತ್ತಿ ಮೊದಲು ಆಸ್ಪತ್ರೆಯ ವಾರ್ಡಿಗೆ ಮಾಡಿ ಮಗುವಿನ ಅಮ್ಮನನ್ನ ಕರೆಸಿ ಅಂದ್ರು. ಆಮೇಲೆ ಪೊಲೀಸರಿಗೆ. ಹೇಳುವಾಗ ವಿಳಾಸ ಎರಡು ಸಲ ತಪ್ಪು ಹೇಳಿದ್ರು.

ನಾನು ನೆಲಕ್ಕೆ ಕೂತು ಗುಬ್ಬಿಯ ಒದ್ದೆ ಶೂಸ್ ಬಿಚ್ಚಿದೆ. ಅವಳು ನನ್ನನ್ನ ನೋಡ್ತಿರಲಿಲ್ಲ. ಹೊರಗೆ ಅವನು ಬಾಗಿಲು ತಟ್ಟೋಕೆ ಶುರು ಮಾಡಿದ. ಜೋರಾಗಿ ಅಲ್ಲ, ಮೆಲ್ಲಗೆ, ಒಂದೇ ಸಮ. 'ಅಕ್ಕಾ, ಬಾಗಿಲು ತೆಗೀರಿ ಅಕ್ಕಾ.'

ಗುಬ್ಬಿ ಆ ಚಿಲಕವನ್ನೇ ನೋಡ್ತಿದ್ದಳು.

'ಟೀಚರ್, ಚಿಲಕ ಒಳಗಡೆ ಕೂಡ ಇರುತ್ತಾ?' ಅಂತ ಪಿಸುಗುಟ್ಟಿದಳು.

ಇವಳು ಮನೆಯಲ್ಲಿ ನೋಡಿರೋದು ಹೊರಗಡೆಯಿಂದ ಹಾಕೋ ಚಿಲಕ ಮಾತ್ರ ಅಂತ ನನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು.

'ಇರುತ್ತೆ ಕಂದಾ. ನಾವು ತೆಗೆದ್ರೆ ಮಾತ್ರ ತೆರೆಯುತ್ತೆ.'

'ಹಾಗಾದ್ರೆ ತೆಗೀಬೇಡಿ' ಅಂದಳು. ಬಾಗಿಲು ತಟ್ಟೋದು ನಿಲ್ಲಲಿಲ್ಲ, ನಾವು ಮೂವರೂ ಅದನ್ನೇ ನೋಡ್ತಾ ಇದ್ವಿ.